ಚಿನ್ನಕ್ಕೂ ಪದರಕ್ಕೂ ನಡುವೆ

ನನ್ನ ಪಿಎಚ್.ಡಿ. ಮುಗಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಮದುವೆ ಮನೆಗಳಲ್ಲಿ ಈಗಲೂ ಯಾರಾದರೊಬ್ಬರು ‘ಡಾಕ್ಟ್ರಾದ್ಯೇನವ್ವ?’ ಎಂದು ಕೇಳಿಯೇ ಕೇಳುತ್ತಾರೆ. ನಾನು ‘ಇಲ್ಲ’ ಎಂದಾಗ ಅವರ ಮುಖದಲ್ಲಿ ಏಳುವ ಮರುಕವನ್ನು ನೋಡಿ ನೋಡಿ ಸಾಕಾಗಿದೆ. ಓದುವವರಾದರೂ ಆ ಪ್ರಶ್ನೆ ಇಟ್ಟುಕೊಂಡು ಕಾಯುವುದು ಬೇಡ. ಆರು ವರ್ಷ ಮಾಡಿದೆ, ಬಿಟ್ಟೆ. ಈಗ ವಸಂತನರಸಾಪುರದ ಒಂದು ಕಂಪನಿಯಲ್ಲಿ ಕನ್ನಡಕದ ಗಾಜಿಗೆ ಹಾಕಿದ ಕೋಟಿಂಗ್ ಸರಿಯಾಗಿ ಕೂತಿದೆಯೇ ಎಂದು ನೋಡುವ ಕೆಲಸ. ಬೆಳಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು, ಅವೆರಡರ ನಡುವೆ ಗಾಜು.

ನಮ್ಮದು ಕೊತ್ತಗೆರೆ ಹತ್ತಿರದ ಹಳ್ಳಿ. ತುಮಕೂರಿನಲ್ಲಿ ಫಿಸಿಕ್ಸ್ ಸಂಶೋಧನೆಗೆ ಸೇರಿದಾಗ ಅಪ್ಪ ‘ಯಾವುದ್ರ ಮೇಲೆ?’ ಎಂದು ಕೇಳಿದರು. ಬಿಡಿಸಿ ಹೇಳುವಷ್ಟು ತಾಳ್ಮೆ ನನಗೆಲ್ಲಿ, ‘ಚಿನ್ನದ ಮೇಲೆ’ ಎಂದೆ. ಅವರು ಅದನ್ನೇ ಕುಣಿಗಲ್ ಬಸ್ ಸ್ಟ್ಯಾಂಡಿನಿಂದ ಹಿಡಿದು ತೋಟದ ಪಕ್ಕದವರ ತನಕ ಹಂಚಿದರು. ‘ಅವರ ಮಗಳು ಚಿನ್ನದ ಮೇಲೆ ರಿಸರ್ಚ್ ಮಾಡ್ತವ್ಳಂತೆ.’ ಹಬ್ಬಕ್ಕೆ ಹೋದಾಗ ದೊಡ್ಡಮ್ಮ ಪಕ್ಕಕ್ಕೆ ಕರೆದು, ‘ರೇಟು ಯಾವಾಗ ಇಳೀತದೆ ಹೇಳೇ, ಬಳೆ ಮಾಡಿಸ್ಬೇಕು’ ಎಂದರು. ನಾನು ಸಿಡುಕಿದೆ. ಸಿಡುಕುವುದು ನನಗೆ ಆಗಲೂ ಸುಲಭವಾಗಿ ಬರುತ್ತಿತ್ತು.

ನಿಜವಾಗಿ ನನ್ನ ಕೆಲಸ ಇದ್ದದ್ದು ಚಿನ್ನದ ಮೇಲೆ ಕೂರಿಸುವ ಒಂದು ಪದರದಲ್ಲಿ. ಮಾಲಿಬ್ಡಿನಮ್ ಮತ್ತು ಗಂಧಕ ಸೇರಿದ ಒಂದು ಕಪ್ಪು ಹರಳಿದೆ. ಚಿಕ್ಕವರಿದ್ದಾಗ ಕಾಗೆಬಂಗಾರವನ್ನು ಉಗುರಿನಿಂದ ಎಬ್ಬಿಸಿ ಎಬ್ಬಿಸಿ ತೆಗೆಯುತ್ತಿದ್ದೆವಲ್ಲ, ಹಾಗೆಯೇ ಇದೂ ಪದರ ಪದರವಾಗಿ ಏಳುತ್ತದೆ. ಅಂಟು ಟೇಪು ಹಚ್ಚಿ ಎಳೆಯುವುದು, ಎಳೆದು ಬಂದದ್ದಕ್ಕೆ ಮತ್ತೆ ಟೇಪು ಹಚ್ಚಿ ಎಳೆಯುವುದು, ಕೊನೆಗೆ ಒಂದೇ ಒಂದು ಪದರ ಉಳಿಯುವ ತನಕ. ಮೂರು ಪರಮಾಣುಗಳಷ್ಟು ದಪ್ಪ. ಮೈಕ್ರೋಸ್ಕೋಪಿನಲ್ಲಿ ಅದು ಗಾಜಿನ ಮೇಲೆ ಯಾರೋ ಉಸಿರು ಬಿಟ್ಟು ಹೋದಷ್ಟು ಮಾಸಲಾಗಿ ಕಾಣುತ್ತದೆ. ಒಂದು ಒಳ್ಳೆಯ ಪದರ ಸಿಗಲು ಕೆಲವೊಮ್ಮೆ ಒಂದು ವಾರ ಟೇಪು ಎಳೆಯಬೇಕು. ನನ್ನ ಯೌವನದ ಬಹುಪಾಲು ಟೇಪು ಎಳೆಯುವುದರಲ್ಲೇ ಕಳೆಯಿತು.

ಆ ಪದರಕ್ಕೆ ಒಂದು ಗುಣವಿದೆ. ಕಣ್ಣಿಗೆ ಕಾಣದ, ಕೆಂಪಿನಾಚೆಯ ಲೇಸರ್ ಬೆಳಕನ್ನು ಅದರ ಮೇಲೆ ಬಿಟ್ಟರೆ ಎರಡೆರಡು ಕಣಗಳನ್ನು ಒಂದು ಮಾಡಿ ನೀಲಿ ಬೆಳಕಾಗಿ ಹಿಂದಕ್ಕೆ ಕೊಡುತ್ತದೆ. ಬಿಟ್ಟ ಬೆಳಕನ್ನು ಎರಡು ಪಟ್ಟು ಮಾಡಿದರೆ ಬರುವ ನೀಲಿ ನಾಲ್ಕು ಪಟ್ಟಾಗುತ್ತದೆ. ಕೊಟ್ಟಷ್ಟಕ್ಕೆ ತಕ್ಕಷ್ಟೇ ಬರಬೇಕು ಎನ್ನುವ ನಿಯಮ ಇಲ್ಲಿ ನಡೆಯುವುದಿಲ್ಲ. ನಾನ್‌ಲೀನಿಯರ್ ಎನ್ನುವುದು ಇದಕ್ಕೇ. ಆದರೆ ಪದರ ಅಷ್ಟೊಂದು ತೆಳುವಾದ್ದರಿಂದ ಆ ನೀಲಿ ಬಹಳ ಕ್ಷೀಣ. ಅದನ್ನು ಹೆಚ್ಚಿಸಲು ಅಡಿಯಲ್ಲಿ ಚಿನ್ನದ ಪುಟ್ಟ ಪುಟ್ಟ ತ್ರಿಕೋನಗಳನ್ನು ಮಾಡಿಡುತ್ತಾರೆ. ಬೆಳಕು ಬಿದ್ದಾಗ ಚಿನ್ನದೊಳಗಿನ ಎಲೆಕ್ಟ್ರಾನುಗಳೆಲ್ಲ ಒಟ್ಟಿಗೆ ತೂಗಾಡಿ, ತ್ರಿಕೋನದ ಮೂಲೆಗಳಲ್ಲಿ ಆ ಬೆಳಕನ್ನು ಗುಡ್ಡೆ ಹಾಕುತ್ತವೆ. ಮೂಲೆಯ ಮೇಲೆ ಕೂತ ಪದರಕ್ಕೆ ಅದರ ಲಾಭ ಸಿಗುತ್ತದೆ.

ಇಲ್ಲೊಂದು ತೊಡಕಿದೆ. ಪದರ ಚಿನ್ನಕ್ಕೆ ನೇರವಾಗಿ ಅಂಟಿಕೊಂಡರೆ ಹೆಚ್ಚಿಸಬೇಕಾದ ಚಿನ್ನವೇ ಅದರ ಬೆಳಕನ್ನು ನುಂಗಿಬಿಡುತ್ತದೆ. ದೂರ ಹೋದರೆ ಸಹಾಯ ತಲುಪುವುದಿಲ್ಲ. ಎರಡರ ನಡುವೆ ಏನಾದರೊಂದು ಅತಿ ತೆಳುವಾದದ್ದು ಇರಬೇಕು, ತಲೆಕೂದಲನ್ನು ಹತ್ತಾರು ಸಾವಿರ ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನಷ್ಟು. ದೊಡ್ಡ ಲ್ಯಾಬುಗಳಲ್ಲಿ ಅದನ್ನು ಹಾಕಲೆಂದೇ ಯಂತ್ರಗಳಿವೆ. ನಮ್ಮಲ್ಲಿ ಇರಲಿಲ್ಲ. ಹಾಗಾಗಿ ತ್ರಿಕೋನದ ಮೂಲೆಗಳನ್ನೇ ಇನ್ನಷ್ಟು ಚೂಪು ಮಾಡಿ, ನಡುವೆ ಏನೂ ಇಲ್ಲದೆಯೇ ಬೆಳಕು ತರಬಹುದು ಎಂದು ನಾನು ಹಟ ಹಿಡಿದೆ. ನನ್ನ ಥೀಸಿಸ್ ನಿಂತದ್ದು ಆ ಹಟದ ಮೇಲೆ.

ಗಾಜಿನ ಮೇಲೆ ಚಿನ್ನ ಹಾಕಿಕೊಡುತ್ತಿದ್ದವರು ನಮ್ಮ ಲ್ಯಾಬಿನ ಅಟೆಂಡರ್. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದವರು, ಅಕ್ಕಸಾಲಿಗಳ ಮನೆತನ. ಎಲ್ಲರೂ ಆಚಾರ್ರು ಎಂದೇ ಕರೆಯುತ್ತಿದ್ದೆವು. ಊರಿನಲ್ಲಿ ಕೈಕೆಲಸ ಮಾಡಿಸುವವರು ಕಮ್ಮಿಯಾಗಿ, ಜನ ತುಮಕೂರಿನ ಶೋರೂಮುಗಳಿಗೆ ಬರತೊಡಗಿದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಏಜೆನ್ಸಿಯ ಮೂಲಕ ಗುತ್ತಿಗೆಯ ಮೇಲೆ ಸೇರಿದ್ದರು. ಗುಡಿಸುವುದು, ಟೀ ತರುವುದು, ಫೈಲು ಒಯ್ಯುವುದು ಅವರ ಕೆಲಸ. ಆದರೆ ಚಿನ್ನವನ್ನು ಆವಿ ಮಾಡುವ ಯಂತ್ರ ಬಂದಾಗ, ಅದರೊಳಗೆ ಇಡುವ ಕೂದಲಿನಂಥ ಚಿನ್ನದ ತಂತಿಯನ್ನು ಸುರುಳಿ ಸುತ್ತಲು ನಮಗ್ಯಾರಿಗೂ ಕೈ ಬರಲಿಲ್ಲ. ಆಚಾರ್ರು ಪೊರಕೆಯನ್ನು ಗೋಡೆಗೆ ಒರಗಿಸಿ, ‘ಕೊಡಿ ಇತ್ಲಾಗೆ’ ಎಂದು ಚಿಮಟ ಇಸಿದುಕೊಂಡು ಒಂದೇ ಸಲಕ್ಕೆ ಸುತ್ತಿಕೊಟ್ಟರು. ಅಂದಿನಿಂದ ಆ ಯಂತ್ರ ಅವರದಾಯಿತು. ಸಂಬಳ ಮಾತ್ರ ಗುಡಿಸುವವರದೇ.

ತ್ರಿಕೋನ ಮಾಡುವ ವಿಧಾನವನ್ನು ನಾನು ಅವರಿಗೆ ಯಾವತ್ತೂ ಕೂರಿಸಿ ಹೇಳಿಕೊಟ್ಟಿರಲಿಲ್ಲ. ಗಾಜಿನ ಮೇಲೆ ಪ್ಲಾಸ್ಟಿಕ್ಕಿನ ಅತಿ ಸಣ್ಣ ಗುಂಡುಗಳನ್ನು ಒತ್ತೊತ್ತಾಗಿ ಹರಡಿ, ಮೇಲಿಂದ ಚಿನ್ನ ಬೀಳಿಸಿ, ಆಮೇಲೆ ಗುಂಡುಗಳನ್ನು ಎತ್ತಿಬಿಡುವುದು. ಒಂದು ದಿನ ಅವರೇ ಟೀ ಲೋಟ ಇಡುತ್ತಾ ಕೇಳಿದರು.

‘ತಟ್ಟೇಲಿ ರಾಗಿ ಹರವಿ ಮ್ಯಾಲಿಂದ ಹಿಟ್ಟು ಉದುರ್ಸಿ ಕಾಳು ಎತ್ತಿದ್ರೆ, ಸಂದೀಲಿ ಬಿದ್ದ ಹಿಟ್ಟು ಉಳ್ಕತದಲ್ಲ, ಅಂಗೇ ಅಲ್ವಾ ಮೇಡಂ?’

ಅದಕ್ಕಿಂತ ಚೆನ್ನಾಗಿ ನಾನು ಯಾವ ಸೆಮಿನಾರಿನಲ್ಲೂ ಹೇಳಿಲ್ಲ. ಆದರೆ ಆವತ್ತು, ‘ಹಾಂ, ಹಂಗೇ ಅಂದ್ಕೊಳ್ಳಿ’ ಎಂದು ಕಂಪ್ಯೂಟರಿನ ಕಡೆ ತಿರುಗಿದೆ.

ಅವರ ಬಗ್ಗೆ ನನಗಿದ್ದ ದೂರು ಒಂದೇ, ಬೆರಳು. ಹುಟ್ಟಿದಾಗಿನಿಂದ ಚಿನ್ನವನ್ನು ಮುಟ್ಟಿ ನೋಡಿ ತಿಳಿದುಕೊಂಡವರು. ಮೂರನೇ ಗಾಜಿನ ಮೇಲೆ ಅವರ ಹೆಬ್ಬೆಟ್ಟಿನ ಗುರುತು ಕಂಡಾಗ ನಾನು ಎಂ.ಎಸ್ಸಿ. ಹುಡುಗಿಯರ ಎದುರಿಗೇ ಕೂಗಾಡಿದೆ. ‘ನಿಮಗೆ ಎಷ್ಟ್ ಸಲ ಹೇಳೋದು ಆಚಾರ್ರೆ? ಮುಟ್ಬೇಡಿ ಅಂದ್ರೆ ಮುಟ್ಬೇಡಿ. ಇನ್ನೊಂದ್ ಸಲ ಹಿಂಗಾದ್ರೆ ಸರ್‌ಗೆ ಹೇಳಿ ನಿಮ್ಮನ್ನ ಇಲ್ಲಿಂದ ತೆಗೆಸ್ತೀನಿ, ನೋಡ್ತಿರಿ.’ ಗುತ್ತಿಗೆಯ ಮೇಲಿರುವವರಿಗೆ ಆ ಮಾತು ಬರೀ ಮಾತಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ. ಅವರು ‘ಆಯ್ತು ಮೇಡಂ’ ಎಂದಷ್ಟೇ ಹೇಳಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

ನಾಲ್ಕು, ಐದು, ಆರು, ಯಾವ ಗಾಜಿನಲ್ಲೂ ಬೆಳಕು ಏಳಲಿಲ್ಲ. ಚಿನ್ನ ನುಂಗುತ್ತಲೇ ಇತ್ತು. ಏಳನೆಯದು ಬೆಳಗಿತು.

ಮಧ್ಯಾಹ್ನದ ಊಟ ಮುಗಿಸಿ ಬಂದು ಲೇಸರ್ ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದೆ. ಪರದೆಯ ಮೇಲೆ ಪದರದ ಆಕಾರ ಇಡಿಯಾಗಿ ಎದ್ದು ಬಂತು. ಬರಿಯ ಗಾಜಿನ ಮೇಲೆ ಬರುವುದಕ್ಕಿಂತ ಹಲವು ಪಟ್ಟು. ಲೇಸರಿನ ಶಕ್ತಿಯನ್ನು ಕಮ್ಮಿ ಮಾಡಿ ಜಾಸ್ತಿ ಮಾಡಿ ಅಳೆದೆ, ಎರಡಕ್ಕೆ ನಾಲ್ಕರ ಲೆಕ್ಕ ಸರಿಯಾಗಿ ಬಂತು. ಹೊರಗೆ ಓಡಿ ಬಂದು ಗೈಡ್ ಸರ್‌ಗೆ ಹೇಳಿದೆ. ಅವರು ಎರಡು ಸಲ ನೋಡಿ, ಕನ್ನಡಕ ತೆಗೆದು, ‘ಗುಡ್’ ಎಂದರು. ಅವರ ಬಾಯಲ್ಲಿ ಆ ಶಬ್ದ ನಾನು ಕೇಳಿದ್ದು ಅದೊಂದೇ ಸಲ. ಪೇಡ ತರಿಸಿ ಹಂಚಿದೆ. ಆಚಾರ್ರ ಕೈಗೂ ಒಂದಿಟ್ಟು, ‘ನಿಮ್ ಚಿನ್ನ ಬೆಳಗ್ತು ಆಚಾರ್ರೆ’ ಎಂದೆ. ಅವರು ಪೇಡವನ್ನು ಬಾಯಿಗೆ ಹಾಕಿಕೊಳ್ಳದೆ ಹಿಡಿದುಕೊಂಡೇ ನಿಂತಿದ್ದರು. ಸಕ್ಕರೆ ಕಾಯಿಲೆ ಇರಬೇಕು ಎಂದುಕೊಂಡೆ.

ಪೇಪರ್ ಬರೆದು ಒಂದು ಜರ್ನಲ್ಲಿಗೆ ಕಳಿಸಿದೆವು. ಅದರ ಜೀವಾಳ ಒಂದು ವಾಕ್ಯ, ಚಿನ್ನಕ್ಕೂ ಪದರಕ್ಕೂ ನಡುವೆ ಬೇರೇನೂ ಇಲ್ಲ ಎಂಬುದು. ಆ ವಾಕ್ಯವನ್ನು ಸರ್ ಮೂರು ಸಲ ತಿದ್ದಿದ್ದರು, ನಾನು ಮೂರು ಸಲವೂ ಅದನ್ನು ಇನ್ನಷ್ಟು ಗಟ್ಟಿ ಮಾಡಿದ್ದೆ. ತಿಂಗಳುಗಳ ಮೇಲೆ ಪರಿಶೀಲಕರ ಉತ್ತರ ಬಂತು. ಬೇರೆಯವರಿಗೆಲ್ಲ ನಡುವೆ ಒಂದು ತೆಳು ಪದರ ಇದ್ದರೆ ಮಾತ್ರ ಬರುವ ಬೆಳಕು ನಿಮಗೆ ಇಲ್ಲದೆ ಹೇಗೆ ಬಂತು? ಅದೇ ಗಾಜನ್ನು ಮತ್ತೊಮ್ಮೆ ಅಳೆಯಿರಿ, ಇನ್ನೊಂದು ಗಾಜಿನಲ್ಲಿ ಮಾಡಿ ತೋರಿಸಿ. ನ್ಯಾಯವಾದ ಪ್ರಶ್ನೆಯೇ. ನನಗೆ ಮಾತ್ರ ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು. ಇದನ್ನು ದೆಹಲಿಯಿಂದಲೋ ಬೆಂಗಳೂರಿನಿಂದಲೋ ಕಳಿಸಿದ್ದರೆ ಹೀಗೆ ಕೇಳುತ್ತಿದ್ದರೇ ಎಂದು ಒಂದು ವಾರ ಕುದಿದೆ.

ಮತ್ತೆ ಅಳೆಯುವ ಮುಂಚೆ ಏಳನೇ ಗಾಜನ್ನು ಚೊಕ್ಕ ಮಾಡಿದೆ. ಇಂಥ ಮಾದರಿಗಳನ್ನು ಹದವಾಗಿ ಬಿಸಿ ಮಾಡಿ, ಅಡಿಯಲ್ಲಿ ಸಿಕ್ಕಿಕೊಂಡ ಕೊಳೆ ಏನಿದ್ದರೂ ಹೋಗಲಿ ಎಂದು ಒಂದೆರಡು ಗಂಟೆ ಇಡುವುದು ಎಲ್ಲರೂ ಮಾಡುವ ಕೆಲಸ. ನಾನೂ ಮಾಡಿದೆ. ಪದರ ಹಾಳಾಗಲಿಲ್ಲ, ಮೈಕ್ರೋಸ್ಕೋಪಿನಲ್ಲಿ ಮೊದಲಿಗಿಂತ ಚಂದ ಕಂಡಿತು. ಲೇಸರ್ ಬಿಟ್ಟೆ. ಪರದೆಯ ಮೇಲೆ ಏನೂ ಇರಲಿಲ್ಲ.

ಆ ದಿನ ನಾನು ಎಷ್ಟು ಹೊತ್ತು ಆ ಕುರ್ಚಿಯಲ್ಲಿ ಕೂತಿದ್ದೆನೋ. ಲೆನ್ಸ್ ಒರೆಸಿದೆ, ಫಿಲ್ಟರ್ ಬದಲಾಯಿಸಿದೆ, ಕೇಬಲ್ ಕಿತ್ತು ಮತ್ತೆ ಹಾಕಿದೆ. ಬರಿಯ ಗಾಜಿನ ಮೇಲಿನ ಪದರ ಎಂದಿನಂತೆಯೇ ಮಿಣುಕುತ್ತಿತ್ತು, ಅಂದರೆ ಯಂತ್ರ ಸರಿಯಾಗಿತ್ತು. ಸತ್ತದ್ದು ಏಳನೇ ಗಾಜು. ಆಮೇಲೆ ಎಂಟು, ಒಂಬತ್ತು, ಹತ್ತು, ಹೀಗೆ ಮಾಡುತ್ತಾ ಹೋದೆ. ಆಚಾರ್ರು ತಂತಿ ಸುತ್ತುತ್ತಲೇ ಇದ್ದರು, ನಾನು ಟೇಪು ಎಳೆಯುತ್ತಲೇ ಇದ್ದೆ. ಯಾವುದೂ ಬೆಳಗಲಿಲ್ಲ.

ಸರ್ ನನ್ನನ್ನು ರೂಮಿಗೆ ಕರೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇಜಿನ ಮೇಲಿನ ಗ್ರಾಫನ್ನು ನೋಡುತ್ತಾ, ‘ಇದು ನಿಜವಾಗ್ಲೂ ಅದೇ ಸ್ಯಾಂಪಲ್‌ದಾ?’ ಎಂದು ಕೇಳಿದರು.

‘ಅಂದ್ರೆ ಏನ್ ಸರ್?’

‘ಏನಿಲ್ಲ. ಕೇಳ್ದೆ ಅಷ್ಟೆ. ಪ್ರೆಷರ್‌ನಲ್ಲಿ ಒಂದೊಂದ್ಸಲ ಯಾರಾದ್ರೂ…’

ನಾನು ಎದ್ದು ಬಂದೆ. ಕಾರಿಡಾರಿನಲ್ಲಿ ಆಚಾರ್ರು ನೀರಿನ ಕ್ಯಾನು ಹೊತ್ತು ಬರುತ್ತಿದ್ದರು. ಅಲ್ಲಿಯೇ ಅವರನ್ನು ನಿಲ್ಲಿಸಿದೆ. ‘ಏಳನೇ ಗಾಜನ್ನ ನೀವೇನಾದ್ರೂ ಮುಟ್ಟಿದ್ರಾ? ನಿಜ ಹೇಳಿ’ ಎಂದೆ. ದನಿ ಏರಿಯೇ ಇತ್ತು. ಅವರು ಕ್ಯಾನನ್ನು ಇಳಿಸದೆ ಹೆಗಲ ಮೇಲೆಯೇ ಇಟ್ಟುಕೊಂಡು, ‘ಇಲ್ಲ ಮೇಡಂ, ನಾನ್ಯಾಕ್ ಮುಟ್ಲಿ’ ಎಂದರು. ನಂಬಿದೆ. ಮುಟ್ಟಿದ್ದರೆ ಕೆಡುತ್ತದೆ, ಬೆಳಗುವುದಿಲ್ಲ ಎಂಬುದು ನನ್ನ ಲೆಕ್ಕ. ಕೆಟ್ಟದ್ದನ್ನು ಹುಡುಕುತ್ತಿದ್ದ ನಾನು ಬೆಳಗಿದ್ದು ಯಾಕೆ ಎಂದು ಕೇಳಲೇ ಇಲ್ಲ.

ಪೇಪರ್ ವಾಪಸ್ ತೆಗೆದುಕೊಂಡೆವು. ಆ ಅಧ್ಯಾಯ ಬಿಟ್ಟು ಉಳಿದದ್ದನ್ನು ಬರೆದು ಮುಗಿಸು ಎಂದು ಸರ್ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು ಎಂದು ಈಗ ಅನಿಸುತ್ತದೆ. ಆಗ ಅನಿಸಿದ್ದು ಒಂದೇ, ಬಿಟ್ಟರೆ ನಾನು ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡ ಹಾಗೆ. ಒಪ್ಪಲಿಲ್ಲ. ಇನ್ನೂ ಎರಡು ವರ್ಷ ಅದೇ ಬೆಳಕಿನ ಹಿಂದೆ ಬಿದ್ದೆ. ಅಷ್ಟರಲ್ಲಿ ಫೆಲೋಶಿಪ್ ಮುಗಿಯಿತು, ನೋಂದಣಿಯ ಅವಧಿ ಮುಗಿಯಿತು, ನನ್ನ ನಂತರ ಸಂಶೋಧನೆಗೆ ಸೇರಿದವರೆಲ್ಲ ನನ್ನನ್ನು ಕಂಡರೆ ದಾರಿ ಬಿಟ್ಟು ಸರಿಯತೊಡಗಿದರು. ಒಂದು ಮಧ್ಯಾಹ್ನ ಡ್ರಾಯರ್ ಖಾಲಿ ಮಾಡಿ ಕೀ ಕೊಟ್ಟು ಬಂದೆ. ಬಿ.ಎಚ್. ರಸ್ತೆಯಲ್ಲಿ ಸಿಟಿ ಬಸ್ಸಿಗೆ ಕಾಯುತ್ತಾ ನಿಂತಾಗ ಅಳು ಬರುತ್ತದೆ ಎಂದುಕೊಂಡಿದ್ದೆ. ಹೊಟ್ಟೆ ಹಸಿಯಿತು.

ಕಂಪನಿಯ ಕೆಲಸ ಕಷ್ಟದ್ದಲ್ಲ. ದೀಪದ ಕೆಳಗೆ ಗಾಜು ಹಿಡಿದು ಓರೆ ಮಾಡಿದರೆ ಕೋಟಿಂಗಿನ ಹಸಿರು ಹೊಳಪು ಒಂದೇ ಸಮ ಇರಬೇಕು, ಇಲ್ಲದಿದ್ದರೆ ಕೆಂಪು ಟ್ರೇ. ಜೊತೆಯವರಿಗೆ ನಾನು ಎಂ.ಎಸ್ಸಿ. ಎಂದಷ್ಟೇ ಗೊತ್ತು. ಉಳಿದ ಆರು ವರ್ಷ ಏನು ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದರೆ ‘ಮನೇಲಿದ್ದೆ’ ಎನ್ನುತ್ತೇನೆ. ಸುಳ್ಳು ಹೇಳಿದವಳು ಎನ್ನಿಸಿಕೊಳ್ಳಬಾರದೆಂದು ಎಲ್ಲವನ್ನೂ ಬಿಟ್ಟು ಬಂದು, ಈಗ ವಾರಕ್ಕೊಂದು ಸಲವಾದರೂ ಈ ಸುಳ್ಳು ಹೇಳುತ್ತೇನೆ.

ಕಳೆದ ವರ್ಷ ಅಮ್ಮನ ಓಲೆಯ ತಿರುಪು ಮುರಿಯಿತು. ಅವರ ತವರಿನಿಂದ ಬಂದ ಓಲೆ. ತುಮಕೂರಿನ ಅಂಗಡಿಯಲ್ಲಿ ತೋರಿಸಿದರೆ, ‘ಇದನ್ನ ರಿಪೇರಿ ಮಾಡೋರಿಲ್ಲ ಮೇಡಂ, ಕರಗಿಸಿ ಹೊಸದು ತಗೊಳ್ಳಿ’ ಎಂದರು. ಅಮ್ಮ ಫೋನಿನಲ್ಲಿ, ‘ಕರಗ್ಸೋದಾದ್ರೆ ಹಂಗೇ ವಾಪಸ್ ತಂದ್ಕೊಡು’ ಎಂದರು. ಆಗ ಆಚಾರ್ರ ನೆನಪಾಯಿತು. ನಾನು ಲ್ಯಾಬು ಬಿಟ್ಟ ಮರುವರ್ಷ ಏಜೆನ್ಸಿ ಬದಲಾಗಿ, ವಯಸ್ಸಾಯಿತೆಂದು ಅವರನ್ನು ತೆಗೆದುಕೊಂಡಿರಲಿಲ್ಲ ಎಂದು ಕೇಳಿದ್ದೆ. ಒಂದು ಭಾನುವಾರ ಗುಬ್ಬಿಗೆ ಹೋಗಿ, ಅಲ್ಲಿಂದ ಸಿ.ಎಸ್. ಪುರದ ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಬೆಳಕಿಗೆ ಮುಖ ಮಾಡಿ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಗುರುತು ಹಿಡಿಯಲು ಒಂದು ನಿಮಿಷ ಬೇಕಾಯಿತು. ಆಮೇಲೆ ಎದ್ದು ನಿಂತ ರೀತಿ ನನಗೆ ಇಷ್ಟವಾಗಲಿಲ್ಲ, ಅದು ಹೆದರಿದವರು ಏಳುವ ರೀತಿ. ಓಲೆ ತೋರಿಸಿದ ಮೇಲೆ ಅವರ ಮೈ ಸಡಿಲವಾಯಿತು. ಹೆಂಡತಿಯನ್ನು ಕರೆದು ಕಾಫಿ ಮಾಡಲು ಹೇಳಿ, ಅಗ್ಗಿಷ್ಟಿಕೆಗೆ ಇದ್ದಲು ಹಾಕಿದರು. ಲ್ಯಾಬಿನಲ್ಲಿ ಮೇಡಂ ಆಗಿದ್ದ ನಾನು ಆ ಜಗಲಿಯ ಮೇಲೆ ಸ್ವಲ್ಪ ಹೊತ್ತಿಗೇ ‘ಕಣಮ್ಮ’ ಆದೆ.

‘ಓದು ಮುಗೀತೇನಮ್ಮ?’

‘ಇಲ್ಲ, ಬಿಟ್ಬಿಟ್ಟೆ.’

ಅವರು ಊದುಗೊಳವೆಯನ್ನು ಬಾಯಿಯ ತನಕ ತಂದು ನಿಲ್ಲಿಸಿದರು. ಆಮೇಲೆ ಊದಿದರು. ತಿರುಪು ಬೆಸೆದು, ಆರಿಸಿ, ಒಂದು ಬಟ್ಟಲಿಗೆ ಎರಡು ಅಂಟುವಾಳದ ಕಾಯಿ ಹಾಕಿ ನೀರು ಬಿಟ್ಟು ಉಜ್ಜಿದರು. ನೊರೆ ಎದ್ದಿತು. ಓಲೆಯನ್ನು ಅದರಲ್ಲಿ ಹಾಕಿ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕುತ್ತಾ ತಲೆ ಎತ್ತದೆ ಹೇಳಿದರು.

‘ನಿಮ್ ಗಾಜನ್ನೂ ಹಿಂಗೇ ತೊಳ್ದಿದ್ದೆ.’

‘ಯಾವ ಗಾಜು?’

‘ಬೆಳಗ್ತು ಅಂತ ಪೇಡ ಕೊಟ್ಯಲ್ಲ, ಅದು. ಗುಂಡು ಎತ್ತಿ ಡಬ್ಬಿಗೆ ಇಡೋವಾಗ ಹೆಬ್ಬೆಟ್ಟು ತಾಗ್ತು. ಹಿಂದಿನ ಸಲ ನೀನು ಬೈದಿದ್ದೆ. ಎದೆ ಢವ ಢವ ಅಂತು. ಆ ಯಂತ್ರದ ಪಂಪಿನ ಆಯಿಲು ಕೈಗಂಟಿದ್ರೆ ಹೋಗ್ಲಿ ಅಂತ ಜೇಬಲ್ಲಿ ಎರಡು ಕಾಯಿ ಇಟ್ಕಂಡಿರ್ತಿದ್ದೆ. ನೊರೆ ಮಾಡಿ, ಅದ್ರಲ್ಲಿ ಅದ್ದಿ, ನೀವಿಟ್ಟಿದ್ದ ಆ ಶುದ್ಧ ನೀರಲ್ಲಿ ಎರಡು ಸಲ ಜಾಲಾಡ್ಸಿ, ಫ್ಯಾನ್ ಕೆಳಗೆ ಆರಿಸಿ ಇಟ್ಟೆ. ಗುರುತು ಹೋಗಿತ್ತು.’ ಬ್ರಷ್ಷು ನಿಂತಿತು. ‘ಅದ್ಕೇ ಕೆಟ್ಟೋಯ್ತೇನಮ್ಮ? ನಾನು ತೊಳ್ದಿದ್ದಕ್ಕೇ ನಿನ್ ಓದು ಹಾಳಾಯ್ತಾ?’

ನಾನು ಆ ನೊರೆಯನ್ನೇ ನೋಡುತ್ತಿದ್ದೆ. ತಿಕ್ಕಿ ತೊಳೆದರೆ ಪೂರ್ತಿ ಹೋಗುತ್ತದೆ, ಬರೀ ಜಾಲಾಡಿಸಿದರೆ ಹೋಗುವುದಿಲ್ಲ. ಒಣಗಿದ ಮೇಲೆ ಚಿನ್ನದ ಮೇಲೆ ಅದರದೊಂದು ಪೊರೆ ನಿಲ್ಲುತ್ತದೆ, ಕಣ್ಣಿಗೆ ಕಾಣದಷ್ಟು ತೆಳುವಾಗಿ. ಅದರ ಮೇಲೆ ನಾನು ನನ್ನ ಪದರ ಕೂರಿಸಿದೆ. ನಡುವೆ ಏನೂ ಇಲ್ಲ ಎಂದು ಮೂರು ಸಲ ಗಟ್ಟಿ ಮಾಡಿ ಬರೆದೆ. ಕೊಳೆ ಹೋಗಲಿ ಎಂದು ಬಿಸಿ ಮಾಡಿ ಆ ಪೊರೆಯನ್ನು ನಾನೇ ಸುಟ್ಟೆ. ಇದನ್ನು ಅಳೆದು ನೋಡಿದವರು ಯಾರೂ ಇಲ್ಲ, ಇನ್ನು ನೋಡುವವರೂ ಇಲ್ಲ. ಆದರೆ ಇಷ್ಟು ವರ್ಷ ಆ ಗಾಜಿನ ಬಗ್ಗೆ ಯೋಚಿಸಿದವಳಿಗೆ ಬೇರೆ ಪುರಾವೆ ಬೇಕಾಗಿರಲಿಲ್ಲ. ದೊಡ್ಡ ಲ್ಯಾಬಿನವರು ಯಂತ್ರದಿಂದ ಹಾಕುವುದನ್ನು ಆಚಾರ್ರು ಹೆದರಿಕೆಯಿಂದ ಹಾಕಿದ್ದರು.

ನಾನು ಸುಳ್ಳುಗಾರ್ತಿ ಅಲ್ಲ ಎಂಬುದೊಂದೇ ಆಗ ತಲೆಯಲ್ಲಿ ಇದ್ದದ್ದು. ‘ಕೆಡ್ಲಿಲ್ಲ ಆಚಾರ್ರೆ’ ಎಂದೆ. ‘ನೀವು ತೊಳ್ದಿದ್ದಕ್ಕೇ ಬೆಳಗಿದ್ದು. ಅದೊಂದು ಬೆಳಗಿದ್ದು ನಿಮ್ಮಿಂದ. ನಾನು ಬಿಸಿ ಮಾಡಿ ಅದನ್ನ ಕಳ್ದೆ.’ ಚಿನ್ನ ನುಂಗುವುದು, ನಡುವೆ ಪೊರೆ ಇದ್ದರೆ ಬಿಡುವುದು, ಎಲ್ಲವನ್ನೂ ಹೇಳಿದೆ. ಆರು ವರ್ಷ ಹೇಳದೆ ಉಳಿಸಿಕೊಂಡದ್ದನ್ನು ಕಾಲು ಗಂಟೆಯಲ್ಲಿ ಹೇಳಿದೆ. ಅವರಿಗೆ ಎಲ್ಲವೂ ಅರ್ಥವಾಯಿತು. ಒಂದು ಕಡೆಯೂ ‘ಅಂದ್ರೆ?’ ಎಂದು ಕೇಳಲಿಲ್ಲ.

ಅವರು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಓಲೆಯನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟರು. ಅವರ ಹೆಂಡತಿ ಕಾಫಿ ಇಟ್ಟು ಒಳಗೆ ಹೋದರು.

‘ಹಂಗಾರೆ,’ ಎಂದರು ಆಮೇಲೆ, ‘ಕೇಳ್ದಾಗ ನಾನು ಮುಟ್ಟಿದೀನಿ ಅಂತ ಹೇಳಿದ್ರೆ ನಿನ್ ಓದು ಉಳೀತಿತ್ತು.’

ನಾನು ಮಾಡಿದ್ದೇನು ಎಂದು ಆಗ ಹೊಳೆಯಿತು. ತೊಳೆದು ಕೆಡಿಸಿದೆ ಎಂಬ ಒಂದು ಭಾರವನ್ನು ಅವರ ತಲೆಯಿಂದ ಇಳಿಸಿ, ಹೇಳದೆ ಕೆಡಿಸಿದೆ ಎಂಬ ಇನ್ನೂ ದೊಡ್ಡದನ್ನು ಹೊರಿಸಿದ್ದೆ. ನನ್ನ ಬಾಯಿ ಯಾವಾಗಲೂ ನನಗಿಂತ ಮುಂದೆ.

‘ಒಂದಿನ ಹೇಳಾಣ ಅಂತ್ಲೇ ಬಂದಿದ್ದೆ ಕಣಮ್ಮ’ ಎಂದರು. ‘ನೀನು ಕಂಪ್ಯೂಟರ್ ಮುಂದೆ ಕೂತಿದ್ದೆ. ಒಂದ್ ಮಾತು ಮೇಡಂ, ಆ ಗಾಜಿನ್ ವಿಸ್ಯ ಅಂದೆ.’

‘ನಾನೇನಂದೆ?’

‘ಬುಡಮ್ಮ, ಈಗ್ಯಾಕೆ.’

‘ಹೇಳಿ.’

‘ಅದು ನಿಮಗೆ ಅರ್ಥ ಆಗೋದಲ್ಲ ಆಚಾರ್ರೆ, ಹೋಗಿ ಅಂದೆ.’

ನನಗೆ ಅದು ನೆನಪೇ ಇಲ್ಲ. ಕಾರಿಡಾರಿನಲ್ಲಿ ನಾನು ಕೇಳಿದ ಪ್ರಶ್ನೆ, ಅವರ ಹೆಗಲ ಮೇಲಿನ ಕ್ಯಾನು, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ. ಇದು ಮಾತ್ರ ಎಷ್ಟು ಕೆದಕಿದರೂ ಸಿಗುವುದಿಲ್ಲ. ದಿನಕ್ಕೆ ನಾಲ್ಕು ಸಲ ಆಡುತ್ತಿದ್ದ ಮಾತು, ಯಾವ ದಿನದ್ದೆಂದು ನೆನಪಿರುತ್ತದೆ?

‘ಹಟ ಹಿಡ್ದು ಹೇಳ್ಬೇಕಾಗಿತ್ತು’ ಎಂದರು ಆಚಾರ್ರು. ಆಮೇಲೆ ಕೇಳಿದರು, ‘ಹೇಳಿದ್ರೆ ಕೇಳ್ತಿದ್ಯಾ?’

ಚುಚ್ಚಲು ಕೇಳಿದ್ದಲ್ಲ. ಅವರಿಗೆ ಉತ್ತರ ಬೇಕಾಗಿತ್ತು. ನಾನು ‘ಹೂಂ’ ಎಂದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಅವರು ಉಳಿದ ಆಯುಷ್ಯವೆಲ್ಲ ಅದನ್ನೇ ನೆನೆಯುತ್ತಾ ಆ ಜಗಲಿಯ ಮೇಲೆ ಕೂತಿರುತ್ತಿದ್ದರು.

‘ಇಲ್ಲ ಆಚಾರ್ರೆ’ ಎಂದೆ. ‘ಕೇಳ್ತಿರ್ಲಿಲ್ಲ. ತೊಳ್ದ ದಿನಾನೇ ಬಂದು ಹೇಳಿದ್ರೆ, ಕೂಗಾಡಿ ಆ ಗಾಜನ್ನ ಕಸದ ಬುಟ್ಟಿಗೆ ಎಸೀತಿದ್ದೆ. ನಿಮ್ಮನ್ನ ಕೆಲಸದಿಂದ ತೆಗೆಸ್ತಿದ್ದೆ. ಅದು ಬೆಳಗ್ತಾನೇ ಇರ್ಲಿಲ್ಲ.’

ಅವರು ನನ್ನ ಮುಖವನ್ನೇ ನೋಡಿದರು, ಆಮೇಲೆ ‘ಸರಿ ಬುಡಮ್ಮ ಅಂಗಾರೆ’ ಎಂದು ಕಾಫಿ ಲೋಟ ಎತ್ತಿಕೊಂಡರು. ಅವರ ಸಮಾಧಾನಕ್ಕೆಂದು ನಾನು ಕಟ್ಟಿ ಹೇಳಿದ ಮಾತು ಅದು ಎಂದು ಅವರು ತಿಳಿದಿರಬಹುದು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.